ಚಿಕ್ಕಪ್ಪನ ಪಾಲಿನ ಉಪ್ಪು

ನಮ್ಮ ಮನೆಯಲ್ಲಿ ಉಪ್ಪಿನ ಕುಡಿಕೆ ಅಡುಗೆಮನೆಯಲ್ಲಿ ಇರುತ್ತಿರಲಿಲ್ಲ. ನಡುಮನೆಯ ಗೋಡೆಗೆ ಒಂದು ಹಲಗೆ ಹೊಡೆದು ಅದನ್ನೇ ಪೀಠ ಎನ್ನುತ್ತಿದ್ದೆವು. ಹಲಗೆಯ ಮೇಲೆ ಯೇಸುವಿನ ಪಟ, ಮೂಗಿನ ತುದಿ ಮುಕ್ಕಾದ ಸಂತ ಅಂತೋಣಿಯವರ ಮಣ್ಣಿನ ಸ್ವರೂಪ, ಅಜ್ಜಿಯ ಜಪಸರ, ಕರೆಂಟು ಹೋದಾಗ ಬೇಕಾಗುವ ಬೆಂಕಿಪೊಟ್ಟಣ. ಹಲಗೆಯ ಕೆಳಗೆ ನೆಲದ ಮೇಲೆ ಮರದ ಮುಚ್ಚಳದ ಕರಿ ಕುಡಿಕೆ. ಅದರ ತುಂಬ ಕಲ್ಲುಪ್ಪು. ಸಾರಿಗೆ ಉಪ್ಪು ಬೇಕಾದಾಗಲೆಲ್ಲ ಅವ್ವ ಒಲೆ ಮುಂದಿನಿಂದ ಎದ್ದು ಸೆರಗಿಗೆ ಕೈ ಒರೆಸಿಕೊಂಡು ನಡುಮನೆಗೆ ಬರಬೇಕಿತ್ತು. ಎಲ್ಲರ ಮನೆಯಲ್ಲೂ ಉಪ್ಪು ದೇವರ ಕೆಳಗೇ ಇರುತ್ತದೆ ಎಂದು ನಾನು ಬಹಳ ದಿನ ನಂಬಿದ್ದೆ. ಪಕ್ಕದ ಮನೆಯ ಕೆಂಪಮ್ಮ ಕುರಿ ಸಾಕುವವಳು. ಒಮ್ಮೆ ಅವರ ಮನೆಗೆ ಆಡಲು ಹೋದಾಗ ದೇವರ ಗೂಡಿನ ಕೆಳಗೆ ಬಗ್ಗಿ ನೋಡಿದೆ. ಏನು ಹುಡುಕುತ್ತಿದ್ದೀಯ ಲೂರ್ದಿ ಎಂದು ಕೆಂಪಮ್ಮ ಕೇಳಿದಳು. ಉಪ್ಪು ಅಂದೆ. ಆಕೆ ಅದನ್ನು ಬೀದಿಗೆಲ್ಲ ಹೇಳಿಕೊಂಡು ಒಂದು ವಾರ ನಕ್ಕಳು.

ಕುಡಿಕೆಯನ್ನು ಅಲ್ಲಿ ಇಟ್ಟವಳು ಅಜ್ಜಿ, ನಮ್ಮಪ್ಪನ ತಾಯಿ ಅಂತೋಣಮ್ಮ. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಕೋಡಿಹಳ್ಳಿಯಿಂದ ಒಳಕ್ಕಿರುವ ನಮ್ಮೂರಿಗೆ ಆಕೆಯ ಸಣ್ಣ ವಯಸ್ಸಿನಲ್ಲಿ ಒಬ್ಬ ಉಪದೇಶಿ ಬರುತ್ತಿದ್ದರಂತೆ. ಅವರು ಹೇಳಿದ್ದರಲ್ಲಿ ಎರಡೇ ಮಾತು ಅಜ್ಜಿಯ ತಲೆಯಲ್ಲಿ ಉಳಿದಿದ್ದವು. ಸಿಟ್ಟು ಇಟ್ಟುಕೊಂಡು ಹೊತ್ತು ಮುಳುಗಿಸಬಾರದು ಎನ್ನುವುದು ಒಂದು. ನಿಮ್ಮೊಳಗೆ ಉಪ್ಪು ಇರಲಿ, ಒಬ್ಬರಿಗೊಬ್ಬರು ಸಮಾಧಾನವಾಗಿರಿ ಎನ್ನುವುದು ಇನ್ನೊಂದು. ಬೈಬಲಿನಲ್ಲಿ ಇವೆರಡೂ ಬೇರೆ ಬೇರೆ ಕಡೆ ಇವೆ, ಹೇಳಿದವರೂ ಬೇರೆ ಬೇರೆ. ನಾನು ಸ್ವಂತ ಓದಲು ಶುರು ಮಾಡಿದ ಮೇಲೆ ಇದು ಗೊತ್ತಾಯಿತು. ಅಜ್ಜಿ ಎರಡನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿದ್ದಳು. ಮನೆಯಲ್ಲಿ ಯಾರಾದರೂ ಇಬ್ಬರು ಜಗಳವಾಡಿದರೆ ಅವತ್ತು ಅವ್ವ ಸಾರಿಗೆ ಉಪ್ಪು ಹಾಕುವಂತಿಲ್ಲ. ಪಡುವಲ ಗುಡ್ಡದ ಹಿಂದೆ ಸೂರ್ಯ ಇಳಿಯುವುದರೊಳಗೆ ಆ ಇಬ್ಬರೂ ಕುಡಿಕೆಯ ಹತ್ತಿರ ಬರಬೇಕು. ಅರ್ಧ ಉಪ್ಪು ಒಬ್ಬರು, ಇನ್ನರ್ಧ ಇನ್ನೊಬ್ಬರು ತೆಗೆದುಕೊಂಡು, ಎದುರುಬದುರು ನಿಂತು ಪಾತ್ರೆಗೆ ಹಾಕಬೇಕು. ಒಬ್ಬರು ಹಾಕಿ ಇನ್ನೊಬ್ಬರು ಹಾಕದಿದ್ದರೆ ಆ ರಾತ್ರಿ ಮನೆಮಂದಿಗೆಲ್ಲ ಅರೆ ಉಪ್ಪಿನ ಸಾರು. ತಟ್ಟೆಗೆ ಮೇಲುಪ್ಪು ಇಲ್ಲ. ಹುಷಾರಿಲ್ಲದವರಿಗೂ ಇಲ್ಲ.

ಹೊತ್ತು ನೋಡುವ ಕೆಲಸ ನನ್ನದು. ಬಾಗಿಲ ಕಲ್ಲಿನ ಮೇಲೆ ಕೂತು ಗುಡ್ಡದ ಕಡೆ ಮುಖ ಮಾಡಿ, ಸೂರ್ಯನ ಕೆಳಗಿನ ಅಂಚು ಗುಡ್ಡದ ನೆತ್ತಿಯ ಬಂಡೆಗೆ ತಾಗಿದ ಕೂಡಲೇ ಒಳಗೆ ಕೂಗಬೇಕು. ಗುಡ್ಡ ಇದ್ದುದರಿಂದ ನಮ್ಮ ಮನೆಯಲ್ಲಿ ಊರಿಗಿಂತ ಮುಕ್ಕಾಲು ಗಂಟೆ ಮೊದಲೇ ಹೊತ್ತು ಮುಳುಗುತ್ತಿತ್ತು. ಇದು ಲೆಕ್ಕಕ್ಕೆ ಬರುವುದಿಲ್ಲ, ಆಕಾಶದಲ್ಲಿ ಇನ್ನೂ ಬೆಳಕಿದೆ ಎಂದು ಚಿಕ್ಕಪ್ಪ ವಾದಿಸುತ್ತಿದ್ದ. ಸಿಟ್ಟು ಇಟ್ಟುಕೊಳ್ಳಲು ಅವನಿಗೆ ಆ ಮುಕ್ಕಾಲು ಗಂಟೆ ಬೇಕಾಗಿತ್ತು. ಅಜ್ಜಿ ಬಿಡುತ್ತಿರಲಿಲ್ಲ. ನಮಗೆ ಕಾಣುವ ಸೂರ್ಯನೇ ನಮ್ಮ ಸೂರ್ಯ ಎನ್ನುತ್ತಿದ್ದಳು. ಹೆಚ್ಚಾಗಿ ಜಗಳ ನಡೆಯುತ್ತಿದ್ದದ್ದು ಅವ್ವನಿಗೂ ಅಜ್ಜಿಗೂ. ಹುಣಸೆಹುಳಿ ಎಷ್ಟು ಕಿವುಚಬೇಕು, ನೆಂಟರಿಗೆ ಯಾವ ಲೋಟದಲ್ಲಿ ಕಾಫಿ ಕೊಡಬೇಕು, ಇಂಥವು. ಇಬ್ಬರೂ ಬಾಯಲ್ಲಿ ಗೊಣಗುತ್ತಲೇ ಬಂದು, ಮುಖ ನೋಡದೆ ಉಪ್ಪು ಹಾಕಿ ಹೋಗುತ್ತಿದ್ದರು. ಒಳಗೆ ಕ್ಷಮಿಸಿದರೋ ಇಲ್ಲವೋ ಯಾರೂ ಕೇಳುತ್ತಿರಲಿಲ್ಲ. ಸಾರಿಗೆ ಉಪ್ಪು ಬಿತ್ತಲ್ಲ, ಅಷ್ಟು ಸಾಕು. ಮಜ್ಜಿಗೆಗೆಂದು ಪಾತ್ರೆ ಹಿಡಿದು ಬರುತ್ತಿದ್ದ ಕೆಂಪಮ್ಮ ಒಲೆಯ ಕಡೆ ಇಣುಕಿ ಕೇಳುವಳು:

"ಏನ್ ಅಂತೋಣಕ್ಕ, ಸಾರ್ಗೆ ಇನ್ನೂ ಉಪ್ಪು ಬಿದ್ದಿಲ್ವಂತೆ? ಇವತ್ತು ಅತ್ತೆದೋ ಸೊಸೆದೋ?"

ಮನೆಯಲ್ಲಿ ದೊಡ್ಡ ಕೋಣೆ ನಮಗಲ್ಲ, ರೇಷ್ಮೆ ಹುಳಕ್ಕೆ. ಮನೆಯ ಅರ್ಧಕ್ಕಿಂತ ಹೆಚ್ಚು ಜಾಗ ಅದೇ. ನಾವು ಐದು ಜನ ಉಳಿದ ಜಾಗದಲ್ಲಿ ಮಲಗುತ್ತಿದ್ದೆವು. ಹುಳದ ಕೋಣೆಗೆ ಹೋಗುವಾಗ ಬಾಗಿಲಲ್ಲಿ ಬ್ಲೀಚಿಂಗ್ ನೀರಿಗೆ ಕಾಲು ಅದ್ದಬೇಕು. ಬೀಡಿ ಸೇದಿದವರು, ತಲೆಗೆ ಎಣ್ಣೆ ಹಚ್ಚಿಕೊಂಡವರು ಒಳಗೆ ಬರುವಂತಿಲ್ಲ. ಸೊಳ್ಳೆಬತ್ತಿ ಹಚ್ಚುವಂತಿಲ್ಲ, ಹಾಗಾಗಿ ಹುಳ ಇದ್ದಷ್ಟು ದಿನವೂ ಸೊಳ್ಳೆ ನಮ್ಮನ್ನು ತಿನ್ನುತ್ತಿದ್ದವು. ಹುಳ ಪೊರೆ ಬಿಡಲು ಮೇವು ನಿಲ್ಲಿಸಿ ಸುಮ್ಮನಾಗುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಮೇಲೆ ಅವುಗಳ ಹಸಿವನ್ನು ತಡೆಯಲು ಆಗುವುದಿಲ್ಲ. ಎಷ್ಟು ಹೊರೆ ಹಿಪ್ಪುನೇರಳೆ ಸೊಪ್ಪು ಹಾಕಿದರೂ ಸಾಲದು. ಆ ದಿನಗಳಲ್ಲಿ ಬಾಗಿಲಲ್ಲಿ ನಿಂತರೆ ಸಾವಿರಾರು ಬಾಯಿ ಒಟ್ಟಿಗೆ ಎಲೆ ಕಡಿಯುವ ಸದ್ದು ಕೇಳುತ್ತಿತ್ತು. ಅಜ್ಜಿ ಅಲ್ಲೇ ಹೊಸ್ತಿಲಲ್ಲಿ ಕೂತು ಜಪಸರ ಹೇಳುವಳು. ಆ ಸದ್ದು ಇದ್ದಾಗಲೇ ಜಪ ಚೆನ್ನಾಗಿ ಹತ್ತುತ್ತದೆ ಎನ್ನುವಳು. ನನಗೆ ಇವತ್ತಿಗೂ ಪ್ರಾರ್ಥನೆ ಎಂದರೆ ಮೊದಲು ಕಿವಿಗೆ ಬರುವುದು ಆ ಸದ್ದೇ.

ಅಪ್ಪ ಇನ್ನಾಸಪ್ಪ ಹುಳದ ಕೋಣೆಯ ಯಜಮಾನ. ಸೊಪ್ಪಿನ ಯಜಮಾನ ಅವನ ತಮ್ಮ, ನನ್ನ ಚಿಕ್ಕಪ್ಪ ಚೌರಪ್ಪ. ಇಬ್ಬರಲ್ಲಿ ಹೋಲಿಕೆಯೇ ಇರಲಿಲ್ಲ. ಅಪ್ಪ ಹೇಳಿದ್ದನ್ನೇ ಮೂರು ಸಲ ಹೇಳುವವನು, ಚಿಕ್ಕಪ್ಪ ಒಂದು ಸಲ ಹೇಳಿಸಿಕೊಳ್ಳಲೂ ಒಲ್ಲದವನು. ಹೊಲಕ್ಕೆ ಹೋಗುವಾಗ ಸಿಳ್ಳೆ ಹಾಕುವನು. ಪೂಜೆಗೆ ಹೋದರೆ ಚರ್ಚಿನ ಹೊರಗೆ ಬೇವಿನ ಮರದ ಕೆಳಗೆ ನಿಲ್ಲುವನು. ಆದರೆ ಮನೆಯಲ್ಲಿ ಎಸ್ಸೆಸ್ಸೆಲ್ಸಿವರೆಗೆ ಓದಿದ್ದವನು ಅವನೊಬ್ಬನೇ, ಬೈಬಲನ್ನು ತಡವರಿಸದೆ ಓದಲು ಬರುತ್ತಿದ್ದವನೂ ಅವನೇ. ನನಗೆ ವಾಕ್ಯ ಬಾಯಿಪಾಠ ಮಾಡಿಸಿದ್ದು ಹಿಪ್ಪುನೇರಳೆ ಸಾಲಿನಲ್ಲಿ. ಅವನು ಕುಡುಗೋಲಿನಿಂದ ಕಡ್ಡಿ ಕೊಯ್ಯುತ್ತಾ ಒಂದು ಸಾಲು ಮುಂದೆ ಹೋಗುವನು, ನಾನು ಹಿಂದೆ ಕಡ್ಡಿ ಜೋಡಿಸುತ್ತಾ ವಾಕ್ಯ ಹೇಳಬೇಕು. ತಪ್ಪಿದರೆ ಹಿಂತಿರುಗಿ ನೋಡದೆಯೇ, ಮತ್ತೆ ಸಾಲಿನ ತುದಿಯಿಂದ ಬಾ ಎನ್ನುವನು. ನಾನು ನಿಜವಾಗಿಯೂ ತುದಿಗೆ ನಡೆದುಹೋಗಿ ಮೊದಲಿನಿಂದ ಹೇಳಿಕೊಂಡು ಬರುತ್ತಿದ್ದೆ.

ನಮ್ಮ ತೋಟದ ಕೊನೆಯ ಸಾಲು, ಬದುವಿನ ಪಕ್ಕದ್ದು, ಪಕ್ಕದವರ ಟೊಮೆಟೊ ಹೊಲಕ್ಕೆ ಅಂಟಿಕೊಂಡಿತ್ತು. ಅವರು ಟೊಮೆಟೊಗೆ ಔಷಧಿ ಹೊಡೆದರೆ ಗಾಳಿಗೆ ಆ ಸಾಲಿಗೂ ಬೀಳುತ್ತದೆ. ಬದುವಿನ ಸಾಲಿನ ಸೊಪ್ಪನ್ನು ಹುಳಕ್ಕೆ ಹಾಕಬಾರದು, ಕೆಂಪಮ್ಮನ ಕುರಿಗೂ ಹಾಕಬಾರದು. ಇದನ್ನು ಅಪ್ಪ ಮೂರು ಸಲ ಅಲ್ಲ, ಮುನ್ನೂರು ಸಲ ಹೇಳಿದ್ದ. ಯಾರೂ ಕೊಯ್ಯದ್ದರಿಂದ ಆ ಸಾಲು ಎದೆಯೆತ್ತರ ಬೆಳೆದು, ಎಲೆ ಅಂಗೈಯಗಲ ಇದ್ದವು.

ನನಗೆ ಹನ್ನೊಂದು ವರ್ಷ. ಅದು ಶನಿವಾರ. ಹುಳ ಮೇವು ಬಿಟ್ಟು ಹಣ್ಣಾಗಲು ಇನ್ನು ಮೂರು ದಿನ ಇತ್ತು. ಗೂಡು ಕಟ್ಟಲು ಹುಳ ಬಿಡುವ ಬಿದಿರಿನ ಚಂದ್ರಿಕೆಗಳನ್ನು ಬಾಡಿಗೆಗೆ ತರಲು ಚಿಕ್ಕಪ್ಪ ಬೆಳಿಗ್ಗೆಯೇ ಟೆಂಪೋದಲ್ಲಿ ಕನಕಪುರದ ಕಡೆ ಹೋಗಬೇಕಿತ್ತು, ತಡವಾದರೆ ಬೇರೆಯವರು ಎತ್ತಿಕೊಂಡು ಹೋಗುತ್ತಾರೆ. ಸೊಪ್ಪನ್ನು ಬಹುಪಾಲು ಕೊಯ್ದಿದ್ದ, ಎರಡು ಹೊರೆ ಉಳಿದಿತ್ತು. ಟೆಂಪೋದವನು ಹಾರನ್ ಹೊಡೆದ. ಚಿಕ್ಕಪ್ಪ ಕುಡುಗೋಲು ನನ್ನ ಕೈಗೆ ಕೊಟ್ಟು, ನಡುಸಾಲಿನಿಂದ ಎರಡು ಹೊರೆ ಕೊಯ್ದು ಒದ್ದೆ ಗೋಣಿಯ ಕೆಳಗೆ ಮುಚ್ಚಿಡು, ಅಣ್ಣನಿಗೆ ಹೇಳಬೇಡ, ಮಕ್ಕಳ ಕೈಯಲ್ಲಿ ಸೊಪ್ಪು ಕೊಯ್ಯಿಸಿದ್ದಕ್ಕೆ ಬೈಯುತ್ತಾನೆ ಎಂದು ಹೇಳಿ ಹತ್ತಿದ. ಅವತ್ತು ಹತ್ತು ಗಂಟೆಗೆ ಚರ್ಚಿನಲ್ಲಿ ವಾಕ್ಯ ಬಾಯಿಪಾಠದ ಸ್ಪರ್ಧೆ ಇತ್ತು. ಹದಿನೆಂಟು ವಾಕ್ಯ. ಒಂದು ಹೊರೆಯನ್ನು ನಡುಸಾಲಿನಿಂದಲೇ ಕೊಯ್ದೆ. ಹೊತ್ತಾಯಿತು ಅನ್ನಿಸಿತು. ಬದುವಿನ ಸಾಲಿನಲ್ಲಿ ನಾಲ್ಕು ಗಿಡ ಕೊಯ್ದರೆ ಒಂದು ಹೊರೆ. ಕೊಯ್ಯುವಾಗ ಔಷಧಿಯ ವಾಸನೆ ಬಂದಿತ್ತು. ಇಷ್ಟು ವರ್ಷ ಇದನ್ನು ನಾನು ನನಗೂ ಹೇಳಿಕೊಂಡಿರಲಿಲ್ಲ. ವಾಸನೆ ಬಂದಿತ್ತು, ನಾನು ಬಾಯಲ್ಲಿ ವಾಕ್ಯ ಹೇಳಿಕೊಳ್ಳುತ್ತಾ ಕೊಯ್ದೆ.

ಸ್ಪರ್ಧೆಯಲ್ಲಿ ನನಗೆ ಮೊದಲ ಬಹುಮಾನ, ಒಂದು ಸ್ಟೀಲ್ ಲೋಟ. ಅದನ್ನು ಹಿಡಿದುಕೊಂಡು ಮನೆಗೆ ಬಂದಾಗ ಬಾಗಿಲಲ್ಲಿ ಜನ ನಿಂತಿದ್ದರು. ಮೊದಲು ಗೊತ್ತಾದದ್ದು ಸದ್ದು ಇಲ್ಲದಿರುವುದು. ಹುಳದ ಕೋಣೆಯಿಂದ ಸದ್ದೇ ಇರಲಿಲ್ಲ. ಒಳಗೆ ಬಿದಿರಿನ ತಟ್ಟೆಗಳಲ್ಲಿ ಹುಳಗಳು ತಲೆ ಎತ್ತಿ ಅತ್ತಿತ್ತ ಆಡಿಸುತ್ತಾ ಹಸಿರು ನೀರು ಕಕ್ಕುತ್ತಿದ್ದವು. ಕೆಲವು ಆಗಲೇ ಕುಗ್ಗಿ ಸಣ್ಣಗಾಗಿದ್ದವು. ಗೋಣಿಯ ಕೆಳಗಿನ ಸೊಪ್ಪನ್ನೆಲ್ಲ ಬೆರೆಸಿ ಅಪ್ಪನೇ ಎಲ್ಲ ತಟ್ಟೆಗೂ ಹಾಕಿದ್ದ. ಮಧ್ಯಾಹ್ನದ ಹೊತ್ತಿಗೆ ಅಪ್ಪ ಹಿತ್ತಲಲ್ಲಿ ಗುಂಡಿ ತೋಡಲು ಶುರು ಮಾಡಿದ. ಅವ್ವ ಮತ್ತು ಕೆಂಪಮ್ಮ ಮಂಕರಿಯಲ್ಲಿ ಹುಳ ಹೊತ್ತು ತಂದು ಸುರಿದರು, ಅಜ್ಜಿ ಮೇಲೆ ಸುಣ್ಣ ಎರಚಿದಳು. ಯಾರೂ ಅಳಲಿಲ್ಲ. ಅಷ್ಟರಲ್ಲಿ ಟೆಂಪೋ ಬಂತು. ಚಿಕ್ಕಪ್ಪ ಚಂದ್ರಿಕೆಗಳನ್ನು ಇಳಿಸುತ್ತಾ ಇಳಿಸುತ್ತಾ ಗುಂಡಿ ನೋಡಿದ. ಇನ್ನು ಉಪಯೋಗವಿಲ್ಲದ ಚಂದ್ರಿಕೆಗಳನ್ನು ಪೂರ್ತಿ ಇಳಿಸಿ, ಗೋಡೆಗೆ ಒರಗಿಸಿ, ಆಮೇಲೆ ಬಂದ. ಅಪ್ಪ ಗುದ್ದಲಿ ಬಿಡದೆಯೇ ಕೇಳಿದ:

"ಬದಿನ್ ಸಾಲ್ಗೆ ಹೋಗಿದ್ದು ಯಾರ್ಲಾ?"

ಚಿಕ್ಕಪ್ಪ ನನ್ನನ್ನು ನೋಡಿದ. ನಾನು ಲೋಟದೊಳಗೆ ನೋಡುತ್ತಿದ್ದೆ. ಅದರ ತಳದಲ್ಲಿ ನನ್ನ ಮುಖ ಸಣ್ಣದಾಗಿ ಕಾಣುತ್ತಿತ್ತು. ಚಿಕ್ಕಪ್ಪನ ಮಾತು ಕೇಳಿಸಿತು.

"ನಾನೇ ಕಣಣ್ಣ. ಸೊಪ್ಪು ಕೊಯ್ಯೋನು ನಾನ್ ತಾನೆ."

ಅಪ್ಪ ಗುದ್ದಲಿ ಬಿಟ್ಟು, ಹೊಡೆಯಲು ಎತ್ತಿದ ಕೈಯನ್ನು ಹಾಗೆಯೇ ಇಳಿಸಿದ. ಅಲ್ಲಿದ್ದವರೆಲ್ಲ ಚಿಕ್ಕಪ್ಪನನ್ನು ಬೈದರು. ಅವನು ಬಾಗಿಲ ಕಲ್ಲಿನ ಮೇಲೆ ನನ್ನ ಪಕ್ಕ ಬಂದು ಕೂತ. ಹೊತ್ತು ನೋಡುವ ಕೆಲಸ ನನ್ನದಲ್ಲವೇ, ನಾನು ಅಲ್ಲೇ ಇದ್ದೆ. ಸೂರ್ಯ ನಿಧಾನವಾಗಿ ಇಳಿಯುತ್ತಿತ್ತು. ನನಗೆ ಜೊತೆಗಿರಲು ಕೂತಿದ್ದಾನೆ ಎಂದುಕೊಂಡೆ. ಅವನು ಸಿಳ್ಳೆ ಹಾಕಲಿಲ್ಲ, ಬೀಡಿಯನ್ನೂ ಹಚ್ಚಲಿಲ್ಲ, ಒಂದೆರಡು ಸಲ ನನ್ನ ಕಡೆ ತಿರುಗಿದ, ಅಷ್ಟೆ. ಸೂರ್ಯನ ಅಂಚು ಬಂಡೆಗೆ ತಾಗಿತು. ನಾನು ಒಳಗೆ ಕೂಗಿದೆ. ಚಿಕ್ಕಪ್ಪ ಎದ್ದು ಪಂಚೆ ಕೊಡವಿಕೊಂಡು ಒಳಗೆ ಹೋದ. ಅವ್ವ ಹುರುಳಿಸಾರಿನ ಪಾತ್ರೆಯನ್ನು ಪೀಠದ ಮುಂದೆ ತಂದಿಟ್ಟಿದ್ದಳು. ಅಪ್ಪ ತನ್ನ ಪಾಲಿನ ಉಪ್ಪನ್ನು ಹಾಕಿದ. ಕೈ ಪಾತ್ರೆಯ ಮೇಲಿರುವಾಗಲೇ ಹೇಳಿದ:

"ಮನ್ನಿಸಿವ್ನಿ ಕಣ್ಲಾ ಚೌರ. ದೇವ್ರು ಮುಂದೆ ಹೇಳ್ತಾವ್ನಿ. ಇನ್ ಇದ್ರು ಮಾತು ಎತ್ತಾಕಿಲ್ಲ."

ಅಜ್ಜಿ ಶಿಲುಬೆ ಗುರುತು ಹಾಕಿಕೊಂಡಳು. ಬಾಗಿಲಲ್ಲಿದ್ದ ಕೆಂಪಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಚಿಕ್ಕಪ್ಪ ಬಗ್ಗಿ ತನ್ನ ಪಾಲು ತೆಗೆದು ಹಾಕಿ, ಬೆರಳಿಗೆ ಅಂಟಿದ್ದನ್ನೂ ಕೊಡವಿದ. ರಾತ್ರಿ ಊಟಕ್ಕೆ ಕೂತಾಗ ಅಜ್ಜಿ ಮೊದಲ ತುತ್ತಿಗೇ ಉಪ್ಪು ಹದವಾಗಿದೆ ಎಂದಳು. ನಾನು ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದೆ. ಉಪ್ಪು ಇದೆಯೋ ಇಲ್ಲವೋ ಗೊತ್ತಾಗಲಿಲ್ಲ. ಬಿಸಿ ಗೊತ್ತಾಯಿತು. ಮತ್ತೇನೂ ಇಲ್ಲ.

ಚಿಕ್ಕಪ್ಪ ಸೋಮವಾರ ಹೊರಟುಹೋದ. ಚನ್ನಪಟ್ಟಣದಲ್ಲಿ ಬೊಂಬೆ ಮಾಡುವಲ್ಲಿ ಕೆಲಸ ಸಿಕ್ಕಿದೆ ಎಂದು ಆಮೇಲೆ ತಿಳಿಯಿತು. ಅಲ್ಲೇ ಮದುವೆಯಾದ. ನನಗೆ ಅಳು ಬಂತೇ? ಇಲ್ಲ. ಆಟವಾಡಿದೆ, ಶಾಲೆಗೆ ಹೋದೆ. ಒಂದು ಸಲ ಪಾಪನಿವೇದನೆಯಲ್ಲಿ, ಸೊಪ್ಪನ್ನು ತಪ್ಪಾಗಿ ಕೊಯ್ದೆ ಫಾದರ್ ಎಂದೆ. ಫಾದರ್ ದೂರದ ಊರಿನವರು, ಅದರಲ್ಲಿ ಪಾಪ ಎಲ್ಲಿದೆ ಎಂದು ಅವರಿಗೆ ಹೊಳೆಯಲಿಲ್ಲ, ಮೂರು ಜಪ ಹೇಳಿಕೋ ಎಂದರು. ಹೇಳಿಕೊಂಡೆ. ಹಗುರವೂ ಆಗಲಿಲ್ಲ, ಭಾರವೂ ಆಗಲಿಲ್ಲ. ಉಪ್ಪು ಮಾತ್ರ ನಾಲಿಗೆಗೆ ವಾಪಸ್ ಬರಲಿಲ್ಲ. ದೊಡ್ಡವಳಾಗಿ ಅಡುಗೆ ಕಲಿತ ಮೇಲೂ ನಾನು ಮಾಡಿದ ಸಾರಿಗೆ ಅವ್ವನೇ ಬಂದು ಉಪ್ಪು ಹಾಕಬೇಕಿತ್ತು. ಉಪ್ಪು ತನ್ನ ಸಾರ ಕಳೆದುಕೊಂಡರೆ ಅದಕ್ಕೆ ಮತ್ತೆ ರುಚಿ ಬರಿಸುವುದು ಹೇಗೆ ಎಂಬ ಮಾತು ಬೈಬಲಿನಲ್ಲಿದೆ. ಎಲ್ಲರೂ ಅದನ್ನು ಲೋಕದ ಬಗ್ಗೆ ಎನ್ನುತ್ತಾರೆ. ನಾನು ಮೊದಲ ಸಲ ಓದಿದಾಗ ನನ್ನ ನಾಲಿಗೆಯ ಬಗ್ಗೆ ಎಂದೇ ಓದಿದೆ, ಓದಿ ಮುಂದಿನ ಪುಟಕ್ಕೆ ಹೋದೆ.

ಅಪ್ಪ ಮಾತು ಎತ್ತುವುದಿಲ್ಲ ಎಂದಿದ್ದವನು ಎತ್ತಿದ. ಕೆಟ್ಟದ್ದಕ್ಕಲ್ಲ. ಒಮ್ಮೆ ಊರಿನ ಪ್ರಾರ್ಥನಾಕೂಟದಲ್ಲಿ, ವಾಕ್ಯವನ್ನು ಜೀವನದಲ್ಲಿ ನಡೆಸಿದ ಅನುಭವ ಯಾರಿಗಾದರೂ ಇದೆಯೇ ಎಂದು ಕೇಳಿದಾಗ ಅಪ್ಪ ಎದ್ದು ನಿಂತ. ತನ್ನ ತಮ್ಮ ಹುಳದ ಒಂದು ಬೆಳೆಯನ್ನೇ ಸಾಯಿಸಿದ್ದನ್ನೂ, ಹೊತ್ತು ಮುಳುಗುವುದರೊಳಗೆ ತಾನು ಮನ್ನಿಸಿದ್ದನ್ನೂ ಹೇಳಿದ. ಜನ ಕಣ್ಣೀರು ಹಾಕಿದರು. ಆಮೇಲೆ ಬೇರೆ ಊರಿನ ಕೂಟಗಳಿಗೂ ಕರೆದರು. ಜನರ ಮುಂದೆ ಮಾತೇ ಬಾರದ ನಮ್ಮಪ್ಪ ಈ ಒಂದು ಕಥೆಯನ್ನು ಚೆನ್ನಾಗಿ ಹೇಳಲು ಕಲಿತ. ನಾನು ಎಷ್ಟೋ ಸಲ ಅವನ ಪಕ್ಕದಲ್ಲೇ ಚಾಪೆಯ ಮೇಲೆ ಕೂತು ಕೇಳಿದೆ. ಅಜ್ಜಿ ಸತ್ತಾಗ ಚಿಕ್ಕಪ್ಪ ಬಂದ. ಸಮಾಧಿಗೆ ಮೂರು ಹಿಡಿ ಮಣ್ಣು ಹಾಕಿದ. ನೆಂಟನೊಬ್ಬ ಅವನ ಭುಜ ತಟ್ಟಿ, ನಿಮ್ಮಣ್ಣ ದೊಡ್ಡ ಮನುಷ್ಯ ಕಣಪ್ಪ ಎಂದ. ಚಿಕ್ಕಪ್ಪ ಊಟಕ್ಕೆ ನಿಲ್ಲದೆ ಬಸ್ಸು ಹತ್ತಿದ.

ಈಗ ನಾನು ಕನಕಪುರದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಅರ್ಜಿ ಟೈಪ್ ಮಾಡುತ್ತೇನೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಫೋನಿನಲ್ಲಿ ಬೈಬಲ್ ಓದುತ್ತೇನೆ. ಯಾರೂ ಹೇಳಿಕೊಟ್ಟಿಲ್ಲ, ಒಂದು ನೋಟ್‌ಬುಕ್ ಇಟ್ಟುಕೊಂಡು ನಾನೇ ಓದಿ ಗುರುತು ಹಾಕಿಕೊಂಡಿದ್ದೇನೆ. ನಮ್ಮ ಕಡೆಯ ಹೆಣ್ಣುಮಕ್ಕಳದ್ದೊಂದು ವಾಟ್ಸಾಪ್ ಗುಂಪಿದೆ, ಅದರಲ್ಲಿ ದಿನಕ್ಕೊಂದು ವಾಕ್ಯ ಹಾಕಿ, ಮನೆಗೆಲಸದಲ್ಲಿ, ಬಸ್ಸಿನಲ್ಲಿ, ಅತ್ತೆಯ ಜೊತೆ ಅದನ್ನು ಹೇಗೆ ನಡೆಸಬಹುದು ಎಂದು ಬರೆಯುತ್ತೇನೆ. ಬರೆಯುವುದು ನನಗೆ ಇಷ್ಟ, ಬೆರಳು ನಿಲ್ಲುವುದಿಲ್ಲ. ಈ ವರ್ಷ ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ ಸಿಟ್ಟು ಮತ್ತು ಸೂರ್ಯನ ವಾಕ್ಯ ಬಂತು. ಉದಾಹರಣೆ ಬೇಕಿತ್ತು. ಅಪ್ಪನ ಕಥೆಯನ್ನೇ ಹಾಕಿದೆ. ಹೆಸರು ಹಾಕಲಿಲ್ಲ, ನಮ್ಮ ಮನೆಯ ಒಬ್ಬರು ಅಜಾಗ್ರತೆಯಿಂದ ವಿಷದ ಸೊಪ್ಪು ತಂದರು ಎಂದು ಬರೆದೆ. ಒಬ್ಬರು ಎಂದು ಟೈಪ್ ಮಾಡುವಾಗಲೂ ಬೆರಳು ನಿಲ್ಲಲಿಲ್ಲ. ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ಯಾರೋ ಅದನ್ನು ಮುಂದಕ್ಕೆ ಕಳಿಸಿದರು, ಅದು ಚನ್ನಪಟ್ಟಣಕ್ಕೂ ಹೋಯಿತು. ಮಾರನೇ ದಿನ ಚಿಕ್ಕಮ್ಮ, ಚಿಕ್ಕಪ್ಪನ ಹೆಂಡತಿ, ಫೋನ್ ಮಾಡಿದರು. ಬೈಯಲಿಲ್ಲ.

"ಚೆಂದಾಗ್ ಬರ್ದಿದ್ದೀಯ ಕಣವ್ವ. ನಾನೇ ಜೋರಾಗಿ ಓದ್ದೆ, ಊಟುಕ್ಕೆ ಕೂತಿದ್ರು. ಅರ್ಧುಕ್ಕೆ ತಟ್ಟೆ ಬುಟ್ಟು ಎದ್ದೋದ್ರು. ಯಾಕೆ ಅಂದ್ರೆ ಹೇಳ್ನಿಲ್ಲ. ನಿಂಗೇನಾರ ಗೊತ್ತಾ?"

ಇಲ್ಲ ಅಂದೆ. ಫೋನ್ ಇಟ್ಟು ನಾಲ್ಕು ಅರ್ಜಿ ಟೈಪ್ ಮಾಡಿದೆ. ಸಂಜೆ ಗುಂಪಿಗೆ ಹಾಕಲು ವಾಕ್ಯ ಹುಡುಕುತ್ತಾ ನೋಟ್‌ಬುಕ್ ತಿರುವಿದಾಗ ಹಿಂದೆಂದೋ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದ ಮಾತು ಸಿಕ್ಕಿತು. ಕಾಣಿಕೆ ಕೊಡಲು ಬಲಿಪೀಠದ ಮುಂದೆ ನಿಂತಿರುವಾಗ ನಿನ್ನ ಸಹೋದರನಿಗೆ ನಿನ್ನ ಮೇಲೆ ಏನೋ ಮನಸ್ತಾಪ ಇದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನ ಹತ್ತಿರ ಹೋಗು ಎನ್ನುವುದು. ಪಕ್ಕದಲ್ಲಿ ನನ್ನದೇ ಕೈಬರಹದಲ್ಲಿ, ಅಕ್ಕಪಕ್ಕದವರ ಜೊತೆ ಚೆನ್ನಾಗಿರಬೇಕು ಎಂದು ಟಿಪ್ಪಣಿ. ಅಜ್ಜಿಯ ನಿಯಮದಲ್ಲಿ ಸಿಟ್ಟು ಬಂದವರು ಕುಡಿಕೆಯ ಹತ್ತಿರ ಬರಬೇಕಿತ್ತು. ತಪ್ಪು ಮಾಡಿ ಸುಮ್ಮನೆ ಕೂತವಳಿಗೆ ಅದರಲ್ಲಿ ಜಾಗವೇ ಇರಲಿಲ್ಲ. ನಾನು ಅಷ್ಟು ವರ್ಷ ಅಲ್ಲೇ ಅಡಗಿದ್ದೆ.

ಭಾನುವಾರ ಪೂಜೆಗೆ ಹೋಗಲಿಲ್ಲ. ಸ್ಕೂಟಿ ತೆಗೆದುಕೊಂಡು ಸಾತನೂರಿನ ಮೇಲೆ ಚನ್ನಪಟ್ಟಣಕ್ಕೆ ಹೊರಟೆ. ಕಬ್ಬಾಳಿನ ಕಡೆಗೆ ಹೋಗುವ ಗಾಡಿಗಳಿಂದ ರಸ್ತೆ ತುಂಬಿತ್ತು, ಕೋಳಿ ಹಿಡಿದುಕೊಂಡು ಹರಕೆಗೆ ಹೋಗುವವರು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಯೋಚಿಸಲು ನೋಡಿದೆ, ಏನೂ ಬರಲಿಲ್ಲ. ಚಿಕ್ಕಪ್ಪ ಮನೆಯ ಮುಂದಿನ ತಗಡಿನ ಶೆಡ್ಡಿನಲ್ಲಿ ಭಾನುವಾರವೂ ಕೆಲಸ ಮಾಡುತ್ತಿದ್ದ. ತಿರುಗುತ್ತಿದ್ದ ಮರದ ತುಂಡಿಗೆ ಹಳದಿ ಅರಗಿನ ಕಡ್ಡಿ ಒತ್ತಿ ಹಿಡಿದಿದ್ದ. ಅದು ಕರಗಿ ಮರಕ್ಕೆ ಬಣ್ಣವಾಗಿ ಅಂಟಿಕೊಳ್ಳುತ್ತಿತ್ತು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ನೋಡಿ ಮೋಟಾರು ನಿಲ್ಲಿಸಿದ. ಯಾವ ವಾಕ್ಯ ಹಿಡಿದುಕೊಂಡು ಬಂದಿದ್ದೀಯ ಎಂದು ಕೇಳಿದ. ಇಬ್ಬರಿಗೂ ನಗು ಬರಲಿಲ್ಲ. ಬದುವಿನ ಸಾಲಿನ ಮಾತನ್ನು ವಾಸನೆಯ ಸಮೇತ ಪೂರ್ತಿ ಹೇಳಿದೆ. ಅವನು ಆ ತುಂಡನ್ನು ಕೈಯಲ್ಲಿ ತಿರುಗಿಸುತ್ತಾ ಕೇಳಿಸಿಕೊಂಡ. ನಿನಗೆ ಆಗಲೇ ಗೊತ್ತಿತ್ತಲ್ಲ, ಅವತ್ತು ಬಾಗಿಲ ಕಲ್ಲಿನ ಮೇಲೆ ನನ್ನ ಪಕ್ಕ ಯಾಕೆ ಕೂತೆ ಎಂದು ಕೇಳಿದೆ.

"ನೀನು ಹೇಳ್ತೀಯ ಅಂತ ಕಾಯ್ತಾ ಕೂತಿದ್ದೆ ಕಣ್ ಮಗ. ಹೊತ್ತು ಮುಳ್ಗೋಗಂಟ ಕಾಯ್ದೆ. ಹೊತ್ತು ಹೋಯ್ತು ಅಂತ ಕೂಗಿದ್ದೂ ನೀನೇ."

ಅವನು ತುಂಡನ್ನು ಕೆಳಗಿಟ್ಟ.

"ನಿನ್ ಮೇಲೆ ಸಿಟ್ಟಿಲ್ಲ. ಮಗು ನೀನು, ಕುಡ್ಲು ಕೊಟ್ಟು ಹೋದೋನು ನಾನು. ಅಣ್ಣ ನಾಲ್ಕು ಬಿಟ್ಟಿದ್ರೆ ಒದೆ ತಿಂದ್ಕಂಡು ಅಲ್ಲೇ ಇರ್ತಿದ್ದೆ. ಅವ್ನು ಮನ್ನಿಸ್ಬುಟ್ಟ. ಮಾಡ್ದೆ ಇರೋ ತಪ್ಗೆ ಮನ್ನಿಸ್ಕಂಡು ಒಂದ್ ಮನೇಲಿ ಹೆಂಗ್ ಇರಾದು ಹೇಳು. ದಿನಾ ಉಣ್ಬೇಕಲ್ಲ ಅದ್ನ."

ಚಿಕ್ಕಮ್ಮ ಕಾಫಿ ತಂದರು, ಕುಡಿದೆ. ಮನೆಗೆ ಬಾ ಚಿಕ್ಕಪ್ಪ ಎಂದೆ. ಮೊದಲು ನಿಮ್ಮಪ್ಪನಿಗೆ ಹೇಳು, ಆಮೇಲೆ ನೋಡೋಣ ಎಂದು ಮೋಟಾರು ಹಾಕಿದ. ಹೊರಡುವಾಗ, ಆ ಹದಿನೆಂಟು ವಾಕ್ಯ ಇನ್ನೂ ನೆನಪಿವೆಯೇ ಎಂದು ಮೋಟಾರಿನ ಸದ್ದಿನ ಮೇಲೆ ಕೇಳಿದ. ನನಗೆ ಐದು ನೆನಪಿದ್ದವು. ಅವನಿಗೆ ಎಲ್ಲವೂ ಇದ್ದವು.

ಊರು ಮುಟ್ಟಿದಾಗ ನಾಲ್ಕೂವರೆ. ಅಪ್ಪ ಹುಳದ ಕೋಣೆಯ ಬಾಗಿಲಲ್ಲಿ ಕೂತು ಹುಳದ ತಟ್ಟೆಯ ಬಿದಿರು ದಬ್ಬೆ ಬಿಗಿಯುತ್ತಿದ್ದ. ಅವ್ವ ಒಳಗೆ ಹುರುಳಿ ಬೇಯಲು ಇಟ್ಟಿದ್ದಳು. ನಿಂತುಕೊಂಡೇ ಹೇಳಿದೆ. ಚಿಕ್ಕಪ್ಪನಿಗೆ ಹೇಳಿದ್ದಕ್ಕಿಂತ ಬೇಗ ಮುಗಿಯಿತು. ಅಪ್ಪ ದಬ್ಬೆ ಬಿಡಲಿಲ್ಲ. ಯಾವ ಕಡೆಯಿಂದ ಕೊಯ್ದೆ, ಬಾವಿ ಕಡೆಯಿಂದಲೋ ದಾರಿ ಕಡೆಯಿಂದಲೋ ಎಂದು ಕೇಳಿದ. ದಾರಿ ಕಡೆಯಿಂದ ಅಂದೆ. ಎಷ್ಟು ಗಿಡ ಎಂದ. ನಾಲ್ಕು ಅಂದೆ. ತಲೆಯಾಡಿಸಿದ. ಆಮೇಲೆ ಎದ್ದು ಹಿತ್ತಲಿಗೆ ಹೋಗಿ ಆ ಗುಂಡಿ ಇದ್ದ ಜಾಗದಲ್ಲಿ, ಈಗ ಅಲ್ಲಿ ನುಗ್ಗೆಮರವಿದೆ, ಬಹಳ ಹೊತ್ತು ನಿಂತ. ವಾಪಸ್ ಬಂದಾಗ ಅವನ ದನಿ ಎಂದಿನಂತೆಯೇ ಇತ್ತು.

"ಎಷ್ಟ್ ಕಡೆ ಹೇಳಿವ್ನಿ ನಾನು ಇದ್ನ. ಎಷ್ಟ್ ಊರಲ್ಲಿ."

ಗುಂಪಿನಲ್ಲಿ ನಿಜ ಬರೆಯುತ್ತೇನೆ ಅಂದೆ. ನಿನ್ನದನ್ನು ನೀನು ಬರಿ, ನಾನು ಹೇಳಿದ ಊರುಗಳಿಗೆ ನಾನೇ ಹೋಗಿ ಹೇಳುತ್ತೇನೆ ಎಂದ. ಅಜ್ಜಿ ಹೋದ ಮೇಲೆ ಆ ನಿಯಮ ಮನೆಯಲ್ಲಿ ಹೆಚ್ಚು ಕಡಿಮೆ ನಿಂತುಹೋಗಿತ್ತು. ಅವ್ವ ಅಡುಗೆಮನೆಯಲ್ಲೇ ಪ್ಯಾಕೆಟ್ಟಿನ ಪುಡಿ ಉಪ್ಪು ಬಳಸುತ್ತಾಳೆ, ಆದರೂ ಕುಡಿಕೆಯನ್ನು ತುಂಬಿಸಿ ಅದೇ ಜಾಗದಲ್ಲಿ ಇಟ್ಟಿದ್ದಾಳೆ. ಅವತ್ತು ಯಾರೂ ಹೇಳದೆಯೇ ಅವ್ವ ಸಾರಿನ ಪಾತ್ರೆಯನ್ನು ಎತ್ತಿ ತಂದು ಪೀಠದ ಮುಂದೆ ಇಟ್ಟಳು. ನಾನು ಬಾಗಿಲಿಗೆ ಹೋಗಿ ನೋಡಿದೆ. ಸೂರ್ಯ ಬಂಡೆಗೆ ಇನ್ನೂ ತಾಗಿರಲಿಲ್ಲ. ಅಪ್ಪ ಕಷ್ಟಪಟ್ಟು ಮೊಣಕಾಲೂರಿ, ಮುಚ್ಚಳ ತೆಗೆದು, ಅರ್ಧ ಉಪ್ಪು ತೆಗೆದುಕೊಂಡು ಹಾಕಿದ. ಏನೂ ಹೇಳಲಿಲ್ಲ. ನಾನು ಬಗ್ಗಿ ಕುಡಿಕೆಗೆ ಕೈ ಹಾಕಲು ಹೋದೆ. ಅಪ್ಪ ಮುಚ್ಚಳ ಮುಚ್ಚಿದ.

"ಅದು ನಿಂದಲ್ಲ ಲೂರ್ದಿ. ಚೌರುಂದು. ಅವ್ನು ಬಂದು ಹಾಕ್ಲಿ."

ಮೂವರೂ ಊಟಕ್ಕೆ ಕೂತೆವು. ಅವ್ವ ಮುದ್ದೆ ಇಟ್ಟು ಸಾರು ಬಿಟ್ಟಳು. ಒಂದು ತುತ್ತು ಅದ್ದಿ ಬಾಯಿಗಿಟ್ಟೆ. ನುಂಗದೆ ಹಾಗೆಯೇ ಬಾಯಲ್ಲಿ ಇಟ್ಟುಕೊಂಡೆ. ಸಾರು ಸಪ್ಪೆಯಾಗಿತ್ತು. ಸಪ್ಪೆ ಎಂದು ನನಗೆ ಗೊತ್ತಾಯಿತು.